ಮುರಕಲ್ಲಿನ ಮೇಲೊಂದು ಕೆಸರು ಪಾತಿ

ಆಪರೇಷನ್ ಆದ ಮರುದಿನ ಮಂಗಳೂರಿನ ಡಾಕ್ಟರು ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ಗಾಯ ಮಾಯುವವರೆಗೆ ಮಾತಾಡಬಾರದು. ಪಿಸುಗುಟ್ಟಲೂ ಬಾರದು, ಪಿಸುಮಾತಿನಿಂದ ಧ್ವನಿತಂತುಗಳಿಗೆ ಇನ್ನೂ ಹೆಚ್ಚು ತ್ರಾಸ. ಕೆಮ್ಮು ಬಂದರೆ ನೀರು ಕುಡಿಯಬೇಕು. ಭಾರ ಎತ್ತಬಾರದು, ಎತ್ತುವಾಗ ನಮಗೆ ತಿಳಿಯದೆಯೇ ಗಂಟಲು ಬಿಗಿಯುತ್ತದೆ. ಎಲ್ಲ ಹೇಳಿ ಏಳುವಾಗ, ತೆಗೆದ ಗಂಟಿನ ಚೂರನ್ನು ಪರೀಕ್ಷೆಗೆ ಕಳಿಸಿದ್ದೇವೆ, ಫಲಿತಾಂಶ ಬಂದ ಕೂಡಲೇ ಫೋನ್ ಮಾಡುತ್ತೇವೆ ಎಂದರು. ಯಾಕೆ ಪರೀಕ್ಷೆ ಎಂದು ನನ್ನ ಗಂಡ ಕೇಳಲಿಲ್ಲ. ನಾನು ಕೇಳುವಂತಿರಲಿಲ್ಲ.

ಬಂಟ್ವಾಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರು. ನನ್ನ ಸ್ವರ ಆಟದ ಬಯಲಿನ ಆಚೆ ದಡಕ್ಕೂ ಕೇಳುತ್ತದೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ದಸರಾ ರಜೆ ಮುಗಿದ ಮೇಲೆ ಅದು ಒಡೆಯತೊಡಗಿತು. ಶುಂಠಿ, ಕಾಳುಮೆಣಸು, ಬಿಸಿನೀರು ಎಲ್ಲ ಆಯಿತು. ಕೊನೆಗೆ ಹತ್ತನೆಯ ತರಗತಿಯ ಪರೀಕ್ಷೆ ಕಣ್ಣೆದುರು ಇರುವಾಗ, ಪಾಠ ಇನ್ನೂ ಉಳಿದಿರುವಾಗ, ಮಕ್ಕಳನ್ನು ಒಬ್ಬ ಅತಿಥಿ ಶಿಕ್ಷಕಿಯ ಕೈಗೆ ಬಿಟ್ಟು ಆಸ್ಪತ್ರೆಗೆ ಹೋಗಬೇಕಾಯಿತು.

ನಮ್ಮ ಮನೆ ಇರುವುದು ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ, ಪದವಿನ ಮೇಲೆ. ಪದವು ಎಂದರೆ ಮುರಕಲ್ಲಿನ, ತೂತುತೂತಾದ ಕೆಂಪು ಜಂಬಿಟ್ಟಿಗೆ ಕಲ್ಲಿನ ಬಯಲು. ಜೆಸಿಬಿ ತಂದು ಮಟ್ಟ ಮಾಡಿಸಿ ಮನೆ ಕಟ್ಟಿದ್ದೆವು. ಮಳೆಗಾಲದಲ್ಲಿ ಎಷ್ಟು ಸುರಿದರೂ ಆ ಕಲ್ಲು ಕುಡಿದು ಬಿಡುತ್ತದೆ. ಜನವರಿ ಕಳೆದರೆ ಹಿತ್ತಿಲಿನಲ್ಲಿ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಗಂಡ ಬೆಳಿಗ್ಗೆ ಬೆಳ್ತಂಗಡಿಯ ಆಫೀಸಿಗೆ ಹೋಗುತ್ತಾರೆ, ಮಗಳು ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಹಾಗಾಗಿ ಹಗಲಿಡೀ ಮನೆಯಲ್ಲಿ ನಾನು ಮತ್ತು ಅತ್ತೆ. ನನಗೆ ಮಾತಾಡುವ ಹಾಗಿಲ್ಲ. ನಾನು ಮೊಬೈಲಿನಲ್ಲಿ ಬರೆದು ತೋರಿಸಿದರೆ ಅತ್ತೆಗೆ ಓದಲಾಗುವುದಿಲ್ಲ. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ ಉಂಟು. ಮೊದಲ ದಿನ ನಾನು ಅನ್ನ ಸಾಕು ಎಂದು ಕೈ ಅಡ್ಡ ಹಿಡಿದದ್ದನ್ನು ಇನ್ನೂ ಬೇಕು ಎಂದುಕೊಂಡು ಅವರು ಮತ್ತೊಂದು ಸೌಟು ಬಡಿಸಿದರು.

ಸುಮ್ಮನಿರುವುದು ಎಂದರೆ ಏನೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಮಾತು ನಿಂತರೆ ಕೈಕಾಲು ನಿಲ್ಲುವುದಿಲ್ಲ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಸರಿಯಾಗಿ ಸುತ್ತಾಟ ಸುರುವಾಗುತ್ತಿತ್ತು. ಅಂಗಳಕ್ಕೆ ಹೋಗಿ ಬರುವುದು, ಕಪಾಟು ತೆರೆದು ಮುಚ್ಚುವುದು, ಫೋನ್ ಎತ್ತಿ ನೋಡುವುದು. ಆಸ್ಪತ್ರೆಯದ್ದಲ್ಲ. ಮತ್ತೆ ಅಂಗಳ. ಗಂಡ ಸಂಜೆ ಬಂದು, ವಿಶ್ರಾಂತಿ ತೆಗೆದುಕೊಂಡೆಯಾ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದೆ. ಹೌದೋ ಅಲ್ಲವೋ ಅವರಿಗೂ ತಿಳಿಯುತ್ತಿರಲಿಲ್ಲ, ನನಗೂ.

ಹೀಗೆ ಸುತ್ತುವಾಗ ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಅತ್ತೆ ಒಡೆದ ಬಕೆಟೊಂದರ ಮುಂದೆ ಕುಕ್ಕರಗಾಲಲ್ಲಿ ಕುಳಿತದ್ದು ಕಂಡಿತು. ಅದರಲ್ಲಿ ಒಣಗಿದ ಬಜೆ. ಕೂಸುಗಳಿಗೆ ಮಾತು ಸ್ಪಷ್ಟವಾಗಲಿ ಎಂದು ಬೇರು ತೇಯ್ದು ನೆಕ್ಕಿಸುವ ಗಿಡ. ಕಾಲ ಬುಡದಲ್ಲಿ ಯಾವಾಗಲೂ ಕೆಸರು ಇರಬೇಕು ಅದಕ್ಕೆ. ಬೆಳ್ತಂಗಡಿ ಕಡೆಯ ಅವರ ಹಳೆಯ ಮನೆಯಲ್ಲಿ ಬಚ್ಚಲ ನೀರು ಹರಿಯುವಲ್ಲಿ ಬಜೆ, ಕೆಸು, ಒಂದೆಲಗ ತಾವಾಗಿಯೇ ತುಂಬಿಕೊಂಡಿದ್ದವಂತೆ. ಮಾವ ತೀರಿಕೊಂಡು ಜಾಗ ಪಾಲಾದ ಮೇಲೆ ಅವರು ನಮ್ಮೊಂದಿಗೆ ಬಂದರು. ಬಂದಂದಿನಿಂದ ಪ್ರತಿ ವರ್ಷವೂ ಗಿಡ ತಂದು ನಡುತ್ತಾರೆ, ಪ್ರತಿ ವರ್ಷವೂ ಒಣಗುತ್ತದೆ. ನಮ್ಮ ಬಚ್ಚಲ ನೀರು ಪೈಪಿನಲ್ಲಿ ನೇರ ಇಂಗುಗುಂಡಿಗೆ ಹೋಗುತ್ತದೆ.

ಅತ್ತೆ ನನ್ನತ್ತ ತಿರುಗದೆಯೇ ಹೇಳಿದರು. ಅವರು ಹೇಳಿದ್ದು ತುಳುವಿನಲ್ಲಿ. ಕನ್ನಡ ಅವರಿಗೆ ಬರುತ್ತದೆ, ಆದರೆ ಬ್ಯಾಂಕಿಗೆ ಹೋಗುವಾಗ ಉಡುವ ಸೀರೆಯ ಹಾಗೆ ಅದನ್ನು ಎತ್ತಿಟ್ಟಿದ್ದಾರೆ. "ಇದು ಬದುಕಿದ್ದರೆ ನಿನಗೆ ಜೇನಿನಲ್ಲಿ ತೇಯ್ದು ಕೊಡಬಹುದಿತ್ತು."

ಡಾಕ್ಟರು ನೀರು ಬಿಟ್ಟು ಬೇರೇನೂ ಗಂಟಲಿಗೆ ಮದ್ದೆಂದು ಹಾಕಬಾರದು ಎಂದದ್ದನ್ನು ಸನ್ನೆಯಲ್ಲಿ ಹೇಳುವುದು ಹೇಗೆ? ನಾನು ಬಕೆಟನ್ನು ನೋಡಿದೆ, ನೆಲವನ್ನು ನೋಡಿದೆ. ಕೆಸರು ಇಲ್ಲದಿದ್ದರೆ ಕೆಸರು ಮಾಡಿದರಾಯಿತು ಅನ್ನಿಸಿತು. ನೆಲ ಅಗೆದು, ನೀರು ಇಳಿಯದಂತೆ ಅಡಿಗೆ ಏನಾದರೂ ಹಾಸಿ, ಮಣ್ಣು ತುಂಬುವುದು. ಕೋಲೊಂದನ್ನು ತೆಗೆದುಕೊಂಡು ಅಡುಗೆಮನೆಯ ಹಿಂದೆ ನೆಲದ ಮೇಲೆ ಚೌಕ ಗೀಚಿದೆ. ಅತ್ತೆ ಎದ್ದು ಬಂದು ಆ ಗೆರೆಯ ಒಳಗೆ ನಿಂತರು, ಸುತ್ತ ನೋಡಿದರು. ಏನು ಅರ್ಥವಾಯಿತೋ, ಒಳಗೆ ಹೋಗಿ ಹಾರೆ ತಂದರು.

ಮುರಕಲ್ಲಿನ ನೆಲವನ್ನು ಅಗೆದವರಿಗೇ ಗೊತ್ತು. ಹಾರೆ ಹಾಕಿದರೆ ಠಣ್ಣೆಂದು ಹಿಂದೆ ಹಾರುತ್ತದೆ. ನಾನು ನೀರು ಹೊಯ್ದು ನೆನೆಸಿ, ಕತ್ತಿಯ ಮೊನೆಯಿಂದ ಕೆರೆದು, ಚಿಪ್ಪಿನಲ್ಲಿ ಮಣ್ಣು ಮೊಗೆದು ಹಾಕುತ್ತಿದ್ದೆ. ಭಾರ ಎತ್ತಬಾರದೆಂಬುದು ನೆನಪಿತ್ತು. ಸಂಜೆ ಗಂಡ ಬಂದು ನೋಡುವಾಗ ಇಬ್ಬರ ಕೈಯೂ ಕೆಂಪು, ಗುಂಡಿಯ ಆಳ ಒಂದು ಗೇಣೂ ಇಲ್ಲ. ಅವರು ಸಿಟ್ಟು ಮಾಡುವವರಲ್ಲ, ಆ ದಿನ ಮಾಡಿದರು. ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದಿಲ್ಲವಾ, ಸ್ವರ ಹೋದರೆ ಯಾರು ಕೊಡುತ್ತಾರೆ ಎಂದೆಲ್ಲ ನನಗೂ ಅಮ್ಮನಿಗೂ ಸೇರಿಸಿ ಬೈದರು. ಅದೊಂದು ವಿಚಿತ್ರ ಜಗಳ. ಒಂದೇ ಕಡೆಯಿಂದ ನಡೆದು, ತಾನಾಗಿಯೇ ಸುಸ್ತಾಗಿ ನಿಂತಿತು.

ಆದಿತ್ಯವಾರ ಅವರೇ ಪಿಕ್ಕಾಸು ಹಿಡಿದರು. ಬೆವರು ಒರೆಸಿಕೊಳ್ಳುತ್ತ, "ಇದು ಎಂತ, ಬಾವಿಯಾ?" ಎಂದು ನಡುನಡುವೆ ಕೇಳುತ್ತಿದ್ದರು. ಮಂಡಿಯುದ್ದ ಆಳವಾದ ಮೇಲೆ ಸಾಕೆಂದು ಕೈ ಮಾಡಿದೆ.

ಇನ್ನು ಹಾಸುವುದಕ್ಕೆ. ಕೃಷಿಹೊಂಡಗಳಿಗೆ ಹಾಸುವ ದಪ್ಪ ಕಪ್ಪು ಶೀಟು ಆದೀತು ಎಂದು ಕಂಡಿತು. ಗುಂಡಿಯ ಉದ್ದಕ್ಕೆ ಎರಡು ಬದಿಯ ಆಳ ಕೂಡಿಸಬೇಕು, ಅಂಚು ಮಡಚಲು ಇಷ್ಟು ಬಿಡಬೇಕು, ಗೋಡೆಗಳು ಓರೆಯಾಗಿದ್ದರೆ ಇನ್ನಷ್ಟು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬಿಡಿಸಿ ಲೆಕ್ಕ ಹಾಕುವಾಗ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನನ್ನ ತಲೆ ಒಂದು ಕಡೆ ನಿಂತಿತು. ಲೆಕ್ಕ ಮುಗಿದ ಕೂಡಲೇ ಮತ್ತೆ ಓಡತೊಡಗಿತು.

ಮರುದಿನ ಬಸ್ಸು ಹತ್ತಿ ಬಂಟ್ವಾಳದ ಪೇಟೆಗೆ ಹೋದೆ. ಟರ್ಪಾಲು, ಹಗ್ಗ, ಪೈಪು ಮಾರುವ ಅಂಗಡಿ. ಮೊಬೈಲಿನಲ್ಲಿ ಬರೆದದ್ದನ್ನು ತೋರಿಸಿದೆ. ಅಂಗಡಿಯವರು ಓದಿ, ನನ್ನ ಮುಖ ನೋಡಿ, ಕಿವಿ ಕೇಳದವಳೆಂದು ತಿಳಿದು, ಕೈ ಎರಡೂ ಅಗಲಿಸಿ ಬೊಬ್ಬೆ ಹೊಡೆದು ಅಳತೆ ಕೇಳತೊಡಗಿದರು. ಕಿವಿ ಕೇಳುತ್ತದೆ ಎಂದು ತೋರಿಸಲು ನಾನು ಕಿವಿ ಮುಟ್ಟಿದರೆ ಅವರ ದನಿ ಇನ್ನೂ ಏರಿತು. ನಗು ಬಂತು. ನಗಲೂ ಬಾರದಲ್ಲ ಎಂದು ತುಟಿ ಕಚ್ಚಿಕೊಂಡೆ.

ಆಗ ಹಿಂದಿನಿಂದ ಒಬ್ಬರು, ಟೀಚರಲ್ಲವಾ ಎಂದು ಹತ್ತಿರ ಬಂದರು. ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ. ಮೊಬೈಲಿನ ಅಕ್ಷರ ನೋಡಿ, ನನ್ನ ಗಂಟಲು ನೋಡಿ, ಅವರಿಗೆ ಎಲ್ಲ ಗೊತ್ತಾಯಿತು. ಅಂಗಡಿಯವರಿಗೆ ತಾನೇ ವಿವರಿಸಿ ಹೇಳಿ ಶೀಟು ಅಳೆಸಿದರು. ಒಳ್ಳೆಯ ಹೆಂಗಸು. ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ಜಾಗ್ರತೆ ಮಾಡಿ ಟೀಚರ್. ನಮ್ಮ ಮಾವನಿಗೂ ಸ್ವರ ಕೂತದ್ದರಿಂದಲೇ ಸುರು ಆದದ್ದು..." ಎಂದರು, ಅಲ್ಲಿಗೇ ನಿಲ್ಲಿಸಿದರು. ಏನು ಸುರು ಆಯಿತು, ಮಾವ ಈಗ ಇದ್ದಾರೋ ಇಲ್ಲವೋ, ನಾನು ಕೇಳುವಂತಿಲ್ಲ.

ಶೀಟಿನ ಸುರುಳಿಯನ್ನು ಕಂಡಕ್ಟರರೇ ಎತ್ತಿ ಬಸ್ಸಿನೊಳಗೆ ಇಟ್ಟರು. ಅದಕ್ಕೆ ಕಾಲು ಒತ್ತಿಕೊಂಡು ಕುಳಿತೆ. ದಾರಿಯಲ್ಲಿ ನಮ್ಮ ಶಾಲೆ ಬಂತು. ಹತ್ತನೆಯ ತರಗತಿಯ ಕಿಟಕಿಗಳು ರಸ್ತೆಗೇ ಕಾಣುತ್ತವೆ. ಅತಿಥಿ ಶಿಕ್ಷಕಿ ಹಲಗೆಯ ಮೇಲೆ ತ್ರಿಕೋನ ಬಿಡಿಸುತ್ತಿದ್ದಳು. ಬಸ್ಸು ನಿಂತು ಇಬ್ಬರನ್ನು ಇಳಿಸುವಷ್ಟು ಹೊತ್ತು ನಾನು ಅರ್ಧ ಎದ್ದು ನಿಂತಿದ್ದೆ. ಇಳಿದರೆ ಮಾಡುವುದೇನು? ಕಂಡಕ್ಟರು ಸೀಟಿ ಊದಿದರು, ಕುಳಿತೆ. ಆದರೆ ಮನೆ ಮುಟ್ಟುವವರೆಗೂ ಆ ಹೆಂಗಸಿನ ಅರ್ಧ ವಾಕ್ಯ ನನ್ನೊಳಗೆ ಸುತ್ತುತ್ತಲೇ ಇತ್ತು.

ಶೀಟು ಹಾಸುವ ಮೊದಲು ಗುಂಡಿಯ ಮೈಯಲ್ಲಿ ಎದ್ದು ನಿಂತ ಕಲ್ಲಿನ ಚೂರುಗಳನ್ನೆಲ್ಲ ತೆಗೆಯಬೇಕಿತ್ತು, ಇಲ್ಲವಾದರೆ ಹರಿಯುತ್ತದೆ. ಅತ್ತೆ ಗುಂಡಿಗಿಳಿದು ಕಣ್ಣು ಮುಚ್ಚಿ ಅಂಗೈಯಿಂದ ಸವರುತ್ತ ಚೂಪು ಸಿಕ್ಕಿದಲ್ಲಿ ನಿಲ್ಲುತ್ತಿದ್ದರು. ನಾನು ಕತ್ತಿಯಿಂದ ಕೆರೆಯುತ್ತಿದ್ದೆ. ಆ ಕೆಲಸದ ನಡುವೆ ಅವರು ಮಾತಾಡತೊಡಗಿದರು. ಎದುರಿನವರು ತಿರುಗಿ ಮಾತಾಡುವುದಿಲ್ಲ ಎಂಬ ಧೈರ್ಯವೋ ಏನೋ. ಮದುವೆಯಾಗಿ ಹೋದ ಹೊಸತರಲ್ಲಿ ಆ ಮನೆಯಲ್ಲಿ ಸೊಸೆಯಂದಿರು ಗಂಡಸರ ಎದುರು ಸ್ವರ ಎತ್ತುವಂತಿರಲಿಲ್ಲವಂತೆ. ಕರೆದರೆ ಹೂಂ ಎನ್ನಬಹುದು, ಅಷ್ಟೇ. ಹಾಗಾಗಿ ಪಾತ್ರೆ ತೊಳೆಯುವ ನೆಪದಲ್ಲಿ ಬಚ್ಚಲ ಹಿಂದಿನ ಆ ಕೆಸರಿಗೆ ಹೋಗಿ ನಿಲ್ಲುತ್ತಿದ್ದರಂತೆ.

"ಕೆಸುವಿನ ಎಲೆ ಆಗ ಕಿವಿಯಿಂದ ಮೇಲೆ. ಯಾರಿಗೂ ಕಾಣ್ತಿರಲಿಲ್ಲ. ಎಲ್ಲರಿಗೂ ಚೆನ್ನಾಗಿ ಬೈದು ಬರ್ತಿದ್ದೆ," ಎಂದರು. "ನಿನ್ನ ಮಾವನಿಗೂ."

ನಗಬಾರದೆಂದು ನಾನು ಮುಖ ತಿರುಗಿಸಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ಅವರು ನನಗೆ ಹೇಳಿರಲಿಲ್ಲ. ನಾನು ಬೆಳಿಗ್ಗೆ ಓಡುವವಳು, ಸಂಜೆ ಉತ್ತರಪತ್ರಿಕೆ ತಿದ್ದುವವಳು. ಹೇಳಲು ಹೊತ್ತೂ ಇರಲಿಲ್ಲ.

ಅಡಿಗೆ ಹಳೆಯ ಸೀರೆಗಳು, ಅದರ ಮೇಲೆ ಗೋಣಿ, ಅದರ ಮೇಲೆ ಶೀಟು. ಬಿಸಿಲಿನಲ್ಲಿ ಹರಡಿಟ್ಟ ಮೇಲೆ ಶೀಟು ಮೆತ್ತಗಾಗಿ ಮೂಲೆಗಳಿಗೆ ಚೆನ್ನಾಗಿ ಕೂತಿತು. ಅಂಚನ್ನು ಮಡಚಿ ಮೇಲೆ ಕಲ್ಲು ಹೇರಿದೆವು. ತುಂಬುವುದಕ್ಕೆ ಗಂಡ ಕೆಳಗಿನ ಗದ್ದೆಯ ಬದಿಯಿಂದ ಕಪ್ಪು ಮಣ್ಣು ತಂದರು, ಹಟ್ಟಿಗೊಬ್ಬರ ಸೇರಿಸಿದೆವು. ಅಕ್ಕಿ, ತರಕಾರಿ ತೊಳೆದ ನೀರು ಬರುವಂತೆ ಅಡುಗೆಮನೆಯಿಂದ ಒಂದು ಪೈಪನ್ನು ಅದಕ್ಕೆ ತಿರುಗಿಸಿದೆವು. ಬೆಳ್ತಂಗಡಿಯಲ್ಲಿರುವ ಸಂಬಂಧಿಕರಿಂದ ಬಜೆಯ ಗೆಡ್ಡೆ, ಕೆಸುವಿನ ಮರಿ, ಒಂದೆಲಗದ ಬಳ್ಳಿ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದವು. ನೆಟ್ಟ ದಿನ ನೀರು ಒಂದು ತೊಟ್ಟೂ ಇಳಿಯಲಿಲ್ಲ. ನಮಗೆ ಅದೇ ಬೇಕಿತ್ತು. ಆ ಪದವಿನ ಮೇಲೆ ನಿಂತ ನೀರು ನೋಡುವುದೇ ಒಂದು ಸಂತೋಷ.

ಒಂದು ವಾರದೊಳಗೆ ವಾಸನೆ ಸುರುವಾಯಿತು. ಕೊಳೆತ ಮೊಟ್ಟೆಯ ವಾಸನೆ. ನೀರಿನ ಮೇಲೆ ಎಣ್ಣೆಯಂಥ ಪೊರೆ, ಸಂಜೆಗೆ ಸೊಳ್ಳೆ. ಒಂದೆಲಗ ಕರಗಿ ಹೋಯಿತು. ಬಜೆಯನ್ನು ಎಳೆದು ನೋಡಿದರೆ ಗೆಡ್ಡೆ ಲೋಳೆ ಲೋಳೆ. ಗಂಡ ಮೂಗು ಮುಚ್ಚಿಕೊಂಡು, ಮಣ್ಣು ಹಾಕಿ ಮುಚ್ಚುವ, ಸಾಕು ಎಂದರು. ಅತ್ತೆ ಒಳಗೆ ಹೋಗಿ ಮಲಗಿದರು, ಹಗಲು ಮಲಗುವವರೇ ಅಲ್ಲ. ಆಸ್ಪತ್ರೆಯಿಂದ ಇನ್ನೂ ಫೋನ್ ಬಂದಿರಲಿಲ್ಲ. ತಡವಾಗುತ್ತಿದೆ ಎಂದರೆ ಮತ್ತೊಮ್ಮೆ ನೋಡುತ್ತಿದ್ದಾರೆ, ಮತ್ತೊಮ್ಮೆ ನೋಡುತ್ತಿದ್ದಾರೆ ಎಂದರೆ ಏನೋ ಕಂಡಿದೆ. ಹೀಗೆ ಒಂದು ಹೆಜ್ಜೆಯಿಂದ ಇನ್ನೊಂದನ್ನು ಸಾಧಿಸಿಕೊಂಡು ಹೋಗುವುದು ನನ್ನ ಕಸುಬಿನ ಅಭ್ಯಾಸ. ಆ ದಿನಗಳಲ್ಲಿ ಅದು ನನ್ನನ್ನೇ ತಿಂದಿತು.

ಮುಚ್ಚಲು ನನಗೆ ಮನಸ್ಸಾಗಲಿಲ್ಲ. ಆ ಗುಂಡಿಯ ಸುತ್ತ ತಿರುಗಿ ತಿರುಗಿ, ಅದು ಎಲ್ಲಿ ಉಸಿರು ಕಟ್ಟಿತು ಎಂದು ಯೋಚಿಸಿದೆ. ಹಳೆಯ ಮನೆಯ ಬಚ್ಚಲ ಹಿಂದಿನ ಕೆಸರಿನಲ್ಲಿ ನೀರು ಬರುತ್ತಿತ್ತು, ಹೋಗುತ್ತಲೂ ಇತ್ತು. ನಮ್ಮದರಲ್ಲಿ ಬಂದದ್ದಕ್ಕೆ ಹೋಗಲು ದಾರಿಯೇ ಇಲ್ಲ. ಹಾಗಾದರೆ ಶೀಟಿನ ಬದಿಯಲ್ಲಿ, ಗುಂಡಿಯ ಬಾಯಿಂದ ಒಂದು ಗೇಣು ಕೆಳಗೆ, ಅಲ್ಲಲ್ಲಿ ತೂತು ಮಾಡಬೇಕು. ಹೆಚ್ಚಾದದ್ದು ಹೋಗಲಿ, ಅಡಿಯದ್ದು ಉಳಿಯಲಿ. ಅಡಿಗೆ ಜಲ್ಲಿ ಹಾಕಬೇಕು. ಅತ್ತೆಯನ್ನು ಎಬ್ಬಿಸಿ ಕರೆದುಕೊಂಡು ಬಂದೆ. ನಾನು ಬೆರಳಿನಿಂದ ಗಾಳಿಯಲ್ಲಿ ತೂತು ಕೊರೆದು ತೋರಿಸಿದೆ. ಅಷ್ಟು ಕಷ್ಟಪಟ್ಟು ಹಾಸಿದ್ದನ್ನು ತೂತು ಮಾಡುವುದಾ ಎಂದು ಅವರು ತುಂಬ ಹೊತ್ತು ಒಪ್ಪಲಿಲ್ಲ. ಕೊನೆಗೆ ಸೆರಗು ಸಿಕ್ಕಿಸಿಕೊಂಡು ನಾರುವ ಕೆಸರನ್ನು ಚಿಪ್ಪಿನಲ್ಲಿ ಮೊಗೆಯತೊಡಗಿದರು.

ಗುಂಡಿ ಬರಿದಾಗಿ, ನಾನು ಕತ್ತಿಯ ಮೊನೆ ಕಾಯಿಸಿ ಶೀಟಿಗೆ ಒತ್ತುತ್ತಿರುವಾಗ ಕಟ್ಟೆಯ ಮೇಲಿದ್ದ ಫೋನ್ ಹೊಡೆದುಕೊಂಡಿತು. ನಾನು ನೋಡಿದೆ. ಡಾಕ್ಟರದ್ದು.

ಎತ್ತಿದರೆ ನಾನು ಮಾತಾಡುವಂತಿಲ್ಲ, ಬಿಟ್ಟರೆ ಮತ್ತೆ ಯಾವಾಗ ಬರುತ್ತದೋ. ಕೆಸರು ಕೈಯಿಂದ ಬಟನ್ ಒತ್ತಿ ಫೋನನ್ನು ಅತ್ತೆಯ ಕಿವಿಗೆ ಹಿಡಿದೆ. ಸ್ಪೀಕರ್ ಹಾಕಬೇಕೆಂದು ಆ ಹೊತ್ತಿಗೆ ಹೊಳೆಯಲಿಲ್ಲ. ಅತ್ತೆ ಫೋನ್ ಕಸಿದುಕೊಂಡು ಕಿವಿಗೆ ಒತ್ತಿ ಹಿಡಿದರು, ಮತ್ತೆ ನನ್ನ ಕೈಗೆ ಕೊಡಲಿಲ್ಲ. ಎತ್ತಿಟ್ಟ ಕನ್ನಡವನ್ನು ಬಿಚ್ಚಿದರು.

"ಅವಳಿಗೆ ಮಾತಾಡ್ಲಿಕ್ಕಿಲ್ಲ ಡಾಕ್ಟ್ರೆ. ನೀವೇ ಹೇಳಿದ್ದಲ್ವಾ."

ಅತ್ತ ಕಡೆಯಿಂದ ಗಂಡನನ್ನು ಕೇಳಿರಬೇಕು.

"ಅವನು ಆಫೀಸಿನಲ್ಲಿದ್ದಾನೆ. ನಾನು ಅವಳ ಅತ್ತೆ. ನನ್ನ ಹತ್ರ ಹೇಳಿ. ಅವಳು ಇಲ್ಲೇ ಇದ್ದಾಳೆ, ಕೇಳ್ತಾಳೆ."

ಆಮೇಲೆ ಅವರು ಬರೇ ಕೇಳಿದರು. ನನಗೆ ಕೇಳುವಂಥದ್ದು ಏನೂ ಇಲ್ಲ. ಅತ್ತೆಯ ಮುಖ ಮಾತ್ರ. ಪೊರೆ ಬಂದ ಆ ಕಣ್ಣು, ಪೊರೆ ತೆಗೆಸಿದ ಈ ಕಣ್ಣು. ಹೂಂ ಎನ್ನುತ್ತಾರೆ. ಮತ್ತೆ ಹೂಂ. ಒಂದು ಸಲ ಹುಬ್ಬು ಗಂಟಿಕ್ಕಿತು. ನಾನು ಅವರ ತೋಳು ಹಿಡಿದು ಅಲ್ಲಾಡಿಸಿದೆ, ಅವರು ಸುಮ್ಮನಿರೆಂದು ಕೈಯೆತ್ತಿದರು. ಬಾಯಿ ತೆರೆದು ಒಂದೇ ಒಂದು ಪದ ಕೇಳಿಬಿಡಲೇ ಅನ್ನಿಸಿತು. ನಾಲಿಗೆ ಏಳುತ್ತಿತ್ತು. ಎರಡೂ ಕೈಯಿಂದ, ಆ ನಾರುವ ಕೆಸರಿನ ಕೈಯಿಂದಲೇ, ಬಾಯಿ ಮುಚ್ಚಿಕೊಂಡೆ.

"ಆಯ್ತು ಡಾಕ್ಟ್ರೆ. ಒಳ್ಳೆದಾಗ್ಲಿ ನಿಮಗೆ," ಎಂದು ಅತ್ತೆ ಫೋನ್ ನನ್ನ ಕಡೆ ಚಾಚಿದರು. ಮತ್ತೆ ತುಳುವಿಗೆ ಬಂದು ಹೇಳಿದರು, "ಕೆಟ್ಟದ್ದು ಏನೂ ಇಲ್ಲವಂತೆ. ಬರೇ ಗಂಟು. ಬೊಬ್ಬೆ ಹೊಡೆದು ಹೊಡೆದು ಆದದ್ದು. ಮೊದಲಿನ ಸ್ವರ ಪೂರ್ತಿ ಬರ್ತದೋ ಇಲ್ಲವೋ ಹೇಳ್ಲಿಕ್ಕಾಗುವುದಿಲ್ಲವಂತೆ."

ನಾನು ಗುಂಡಿಯ ಅಂಚಿನಲ್ಲಿ ಕುಳಿತೆ. ಅಳು ನುಗ್ಗಿ ಬಂತು. ಅತ್ತೆ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು, "ಅಳಬೇಡ ಮಾರಾಯ್ತಿ, ಅಳುವುದೂ ಶಬ್ದವೇ. ಇನ್ನು ಸ್ವಲ್ಪ ದಿನ ತಡೆದುಕೋ," ಎಂದರು. ಅವರ ಸೀರೆಯಿಂದಲೂ ಅದೇ ವಾಸನೆ ಬರುತ್ತಿತ್ತು. ತಡೆದುಕೊಂಡೆ. ಆಮೇಲೆ ಇಬ್ಬರೂ ಸೇರಿ ಉಳಿದ ತೂತುಗಳನ್ನು ಮಾಡಿ, ಜಲ್ಲಿ ಹಾಕಿ, ಬಿಸಿಲಿಗೆ ಹರಡಿ ಆರಿಸಿದ ಮಣ್ಣನ್ನು ಮತ್ತೆ ತುಂಬಿ, ಬೆಳ್ತಂಗಡಿಯಿಂದ ಇನ್ನೊಮ್ಮೆ ಗಿಡ ತರಿಸಿ ನೆಟ್ಟೆವು.

ಮಾತು ಬಂದದ್ದು ಒಮ್ಮೆಗೇ ಅಲ್ಲ. ಮೊದಲು ತುಟಿ ಮುಚ್ಚಿ ಗುನುಗುವುದು, ಆಮೇಲೆ ದಿನಕ್ಕೆ ಕೆಲವೇ ನಿಮಿಷ. ಮನೆಯಲ್ಲಿ ಮೊದಲ ಸಲ ಗಂಡನೊಂದಿಗೆ ಮಾತಾಡಿದಾಗ ಅವರು ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟರು. ಒಂದು ಮೆಟ್ಟಲು ಕೆಳಗಿಳಿದ, ಅಂಚು ಹರಿದ ಸ್ವರ. ನನಗೇ ಗುರುತಾಗಲಿಲ್ಲ. ಇದು ಯಾರದ್ದು ಎಂದು ಅತ್ತೆಯನ್ನು ಕೇಳಿದೆ. ಯಾರದ್ದಾದರೇನು, ಮಾತು ಬಂತಲ್ಲ ಎಂದು ಅವರು ಒಲೆಯ ಕಡೆ ತಿರುಗಿದರು.

ಗಣಿತದ ಪರೀಕ್ಷೆಯ ದಿನ ರಜೆಯಲ್ಲಿದ್ದರೂ ಮನೆಯಲ್ಲಿ ಕೂರಲಾಗಲಿಲ್ಲ. ಬಸ್ಸು ಹತ್ತಿ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಹೋಗಿ ನಿಂತೆ. ಮಕ್ಕಳು ಓಡಿ ಬಂದು ಸುತ್ತುವರಿದರು. ಇದು ಬರ್ತದಾ ಟೀಚರ್, ಅದು ಬರ್ತದಾ ಟೀಚರ್ ಎಂದು ಒಟ್ಟಿಗೇ ಕೇಳತೊಡಗಿದರು. ನಾನು, ಗಡಿಬಿಡಿ ಮಾಡಬೇಡಿ, ಪ್ರಶ್ನೆಯನ್ನು ಎರಡು ಸಲ ಓದಿ ಎಂದೆ. ಆ ದನಿ ಹತ್ತಿರ ನಿಂತವರಿಗೂ ಸರಿಯಾಗಿ ಕೇಳಲಿಲ್ಲ. ಏನು, ಏನು ಎಂದು ಅವರು ಒಬ್ಬರನ್ನೊಬ್ಬರು ಸುಮ್ಮನಾಗಿಸಿ ಕತ್ತು ಚಾಚಿದರು. ಮತ್ತೊಮ್ಮೆ ಹೇಳಿದೆ. ಅಷ್ಟು ನಿಶ್ಶಬ್ದವಾಗಿ ಆ ತರಗತಿ ನನ್ನ ಮಾತನ್ನು ಎಂದೂ ಕೇಳಿರಲಿಲ್ಲ. ಅವರು ಒಳಗೆ ಹೋದ ಮೇಲೆ ಬೆಲ್ಲು ಹೊಡೆಯುವವರೆಗೂ ರಸ್ತೆಯಲ್ಲಿ ಹಿಂದೆ ಮುಂದೆ ನಡೆಯುತ್ತಿದ್ದೆ.

ಜೂನಿನಲ್ಲಿ ಮತ್ತೆ ಶಾಲೆಗೆ ಸೇರಿದೆ. ಕೊರಳಿಗೆ ಸಣ್ಣ ಮೈಕು ನೇತುಹಾಕಿಕೊಂಡು ಪಾಠ ಮಾಡುತ್ತೇನೆ. ಸೊಂಟದ ಪೆಟ್ಟಿಗೆಯಿಂದ ಬರುವ ನನ್ನ ದನಿಗೆ ಹೊಸ ಮಕ್ಕಳು ಒಂದು ವಾರ ನಕ್ಕರು, ಆಮೇಲೆ ಮರೆತರು. ಆರು ತಿಂಗಳಿಗೊಮ್ಮೆ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಆ ದಿನ ಹತ್ತಿರ ಬಂತೆಂದರೆ ನನ್ನ ಕಾಲು ಮತ್ತೆ ಅಂಗಳ ಅಳೆಯತೊಡಗುತ್ತದೆ. ಅದು ಹೋಗಲಿಲ್ಲ. ಹೋಗುತ್ತದೆ ಎಂದು ಈಗ ಕಾಯುವುದೂ ಇಲ್ಲ.

ಪಾತಿ ಎರಡನೆಯ ಸಲ ಹಿಡಿಯಿತು. ಕೆಸು ಮೊದಲು ಎದ್ದಿತು, ಆಮೇಲೆ ಒಂದೆಲಗ ಅಂಚಿನ ಕಲ್ಲುಗಳ ಮೇಲೆ ಹಬ್ಬಿತು. ಬಜೆ ತಡ ಮಾಡಿದರೂ ಬಂತು. ಬೇಸಗೆಯಲ್ಲಿ ದಿನವೂ ಬೆರಳು ಇಳಿಸಿ ಎಷ್ಟು ಆಳಕ್ಕೆ ತೇವ ಉಂಟು ನೋಡಬೇಕು; ಮಳೆ ಹಿಡಿದ ಮೇಲೆ ಅದಕ್ಕೆ ನಮ್ಮ ಅಗತ್ಯವೇ ಇಲ್ಲ. ಈ ಆಷಾಢದಲ್ಲಿ ಅತ್ತೆ ಪತ್ರೊಡೆಗೆಂದು ಮೊದಲ ಎಲೆಗಳನ್ನು ಕೊಯ್ದು ತಂದರು. ನಾನು ಕಿಟಕಿಯಲ್ಲಿ ನಿಂತು, ಪಾತಿಯಲ್ಲಿ ಏರಿ ಮತ್ತೆ ತೂತುಗಳ ಮಟ್ಟಕ್ಕೆ ಇಳಿಯುತ್ತಿದ್ದ ನೀರನ್ನು ನೋಡುತ್ತಿದ್ದೆ, ಬೆರಳುಗಳು ಕಿಟಕಿಯ ಸರಳನ್ನು ತಟ್ಟುತ್ತಿದ್ದವು. ಅತ್ತೆ ಎಲೆ ಒರೆಸುತ್ತ ನನ್ನ ಕೈ ನೋಡಿದರು.

"ಹಿತ್ತಿಲಿನ ಪಡುವಣ ಮೂಲೆಯಲ್ಲಿ ಇನ್ನೊಂದು ಪಾತಿಗೆ ಜಾಗ ಉಂಟು," ಎಂದರು.

ಮಳೆ ಬಿಡಲಿ, ನೋಡುವ ಎಂದೆ. ಹೇಳಿ ಮುಗಿಯುವ ಮೊದಲೇ ಕೊಡೆ ಹುಡುಕತೊಡಗಿದ್ದೆ.